ಐದು ವಾರ ಓಡದ ಓಟಗಾರ

ಇವತ್ತಿಗೆ ನಾನು ಓಡದೆ 18 ದಿನ. ಕಾಲಿಗೇನೂ ಆಗಿಲ್ಲ. ಜ್ವರ ಬಂದಿಲ್ಲ. ಮನೆಯಲ್ಲಿ ಮದುವೆ ಮುಂಜಿಯೂ ಇಲ್ಲ. ಸುಮ್ನೆ ಓಡ್ತಾ ಇಲ್ಲ. ಇನ್ನೂ 17 ದಿನ ಓಡುವುದಿಲ್ಲ.

45 ವರ್ಷದ ಗಣಿತದ ಟೀಚರ್ ಒಬ್ಬಳು ಬೆಳಗಿನ ಐದಕ್ಕೆ ಮೈದಾನಕ್ಕೆ ಹೋಗಿ ಯಾಕೆ ಓಡುತ್ತಾಳೆ ಅನ್ನೋದು ಬಳ್ಳಾರಿಯ ನಮ್ಮ ಓಣಿಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಈಗ ಅದೇ ಓಣಿಗೆ ನಾನು ಯಾಕೆ ಓಡುತ್ತಿಲ್ಲ ಅನ್ನೋದು ತಲೆನೋವಾಗಿದೆ. ಹಾಲಿನವನು ಕೇಳಿದ. ಎದುರು ಮನೆ ಅಜ್ಜಿ "ಮೊಣಕಾಲು ಹೋತೇನವ್ವಾ?" ಅಂತ ಅಕ್ಕರೆಯಿಂದಲೇ ಕೇಳಿದರು. ಮೈದಾನದಲ್ಲಿ ದಿನಾ ಸಿಗುವ ಗಾರ್ಡ್ ಸಾಹೇಬರು ಎರಡು ಸಲ ಫೋನ್ ಮಾಡಿದ್ದಾರೆ. ಎರಡೂ ಸಲ ಕ್ಲಾಸಿನಲ್ಲಿದ್ದೆ, ಎತ್ತಲಿಲ್ಲ.

ಇದಕ್ಕೆಲ್ಲ ಕಾರಣ ಕೀನ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಒಬ್ಬ ಓಟಗಾರ. ಹೆಸರು ಬರ್ನಾರ್ಡ್ ಲಗಾಟ್. ಅವರು ಅನ್ನಬೇಕು, ಗೊತ್ತು. ನನಗಿಂತ ಐದಾರು ವರ್ಷ ದೊಡ್ಡವರು. ಆದರೆ ನಡುರಾತ್ರಿ ಟಿವಿಯಲ್ಲಿ ಮೊದಲು ಕಂಡವನನ್ನು ಬಹುವಚನದಲ್ಲಿ ಕರೆಯಲು ನನಗೆ ಬಾಯಿ ಬರುವುದಿಲ್ಲ. ಅವನು ಅಂತಲೇ ಬರೆಯುತ್ತೇನೆ.

ಅದು 2004ರ ಆಗಸ್ಟ್. ಅಥೆನ್ಸ್ ಒಲಿಂಪಿಕ್ಸ್. ನನಗೆ 24, ಮಗಳಿಗೆ ನಾಲ್ಕು ತಿಂಗಳು. ಬಾಣಂತನ ಮುಗಿಸಿ ತವರಿನಿಂದ ಆಗಷ್ಟೇ ಬಳ್ಳಾರಿಗೆ ಬಂದಿದ್ದೆ. ಮಗು ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ನಿದ್ದೆ. ಒಂದು ರಾತ್ರಿ ಎರಡು ಗಂಟೆ ಸುಮಾರಿಗೆ ಅವಳನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ಅಡ್ಡಾಡುತ್ತಾ, ಅತ್ತೆಗೆ ಎಚ್ಚರವಾಗದ ಹಾಗೆ ದನಿ ಬಂದ್ ಮಾಡಿ ಟಿವಿ ಹಾಕಿದೆ. ಗಂಡಸರ 1500 ಮೀಟರ್ ಫೈನಲ್ ಹೊರಡುವುದರಲ್ಲಿತ್ತು.

ಆ ಓಟ ನನ್ನದು. ಅಂದರೆ, ಮದುವೆಗೆ ಮುಂಚೆ ನನ್ನದಾಗಿತ್ತು. ಕಾಲೇಜಿನಲ್ಲಿ 800, 1500 ಎರಡೂ ಓಡುತ್ತಿದ್ದೆ. ದೊಡ್ಡ ಓಟಗಾರ್ತಿ ಏನಲ್ಲ. 800ಕ್ಕೆ 2 ನಿಮಿಷ 28 ಸೆಕೆಂಡು ನನ್ನ ಬೆಸ್ಟ್. ಯೂನಿವರ್ಸಿಟಿ ಕೂಟದಲ್ಲಿ ಫೈನಲ್‌ಗೆ ಬರುವಷ್ಟು, ಪದಕಕ್ಕೆ ಸಾಲದಷ್ಟು.

ಆವತ್ತು ಕೊನೆಯ ತಿರುವಿನಿಂದ ಇಬ್ಬರೇ ಉಳಿದರು. ಮೊರಾಕ್ಕೊದ ಹಿಶಾಮ್ ಎಲ್ ಗೆರೂಜ್, ಪಕ್ಕದಲ್ಲಿ ಕೀನ್ಯಾದ ಬನಿಯನ್ನಿನಲ್ಲಿ ಲಗಾಟ್. ಲಗಾಟ್ ಮುಂದೆ ಬಂದೇಬಿಟ್ಟ ಅನ್ನಿಸಿತು. ಗೆರೂಜ್ ಮತ್ತೆ ಎಳೆದ. ಅವನಿಗೆ 3 ನಿಮಿಷ 34.18 ಸೆಕೆಂಡು, ಲಗಾಟ್‌ಗೆ 3:34.30. ನೂರರಲ್ಲಿ ಹನ್ನೆರಡು ಪಾಲು ಸೆಕೆಂಡು. ಮಗುವನ್ನು ತಟ್ಟುತ್ತಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ: ಒಂದು ಮೀಟರಿಗಿಂತ ಕಡಿಮೆ. ನಮ್ಮ ಹಾಲ್‌ನಲ್ಲಿ ನಾನು ನಿಂತ ಜಾಗದಿಂದ ಸೋಫಾದ ಕೈವರೆಗೆ.

ಸೋತವನು ಗೆದ್ದವನನ್ನು ತಬ್ಬಿಕೊಂಡ. ದನಿ ಇಲ್ಲದ ಟಿವಿಯಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತೆ. ನನಗೆ ಯಾಕೋ ಗೆದ್ದವನಿಗಿಂತ ಇವನೇ ಹಿಡಿಸಿದ. ಅವನಿಗೆ ಆಗ 29. 1500ರ ಓಟಗಾರನಿಗೆ ಅದು ಸಂಜೆ ಹೊತ್ತು. ಪಾಪ, ಮುಗಿಯಿತು ಇವನ ಕಥೆ ಅಂದುಕೊಂಡು ಟಿವಿ ಆರಿಸಿದೆ. ನನ್ನದಂತೂ ಮುಗಿದಿತ್ತು.

ಎರಡೂ ತಪ್ಪು ಲೆಕ್ಕ.

ಓಡದವರಿಗೆ ಒಂದು ಮಾತು ಹೇಳಬೇಕು. ನೂರು ಮೀಟರ್ ಅಂದರೆ ಎಲ್ಲರಿಗೂ ಗೊತ್ತು, ಸಿಡಿದರೆ ಆಯಿತು. ಮ್ಯಾರಥಾನ್ ಅಂದರೂ ಗೊತ್ತು, ತಾಳಿದರೆ ಆಯಿತು. ನಡುವಿನ 800, 1500 ಎರಡನ್ನೂ ಕೇಳುತ್ತವೆ. 1500 ಅಂದರೆ ಟ್ರ್ಯಾಕಿನ ಮೂರು ಮುಕ್ಕಾಲು ಸುತ್ತು. ಮೊದಲ ಸುತ್ತು ಸುಲಭ ಅನ್ನಿಸುತ್ತೆ, ಆ ಮಾತು ನಂಬಬಾರದು. ಮೂರನೇ ಸುತ್ತಿನಲ್ಲಿ ತೊಡೆಗೆ ಯಾರೋ ಮರಳು ತುಂಬಿದ ಹಾಗಾಗುತ್ತೆ. ಆಮೇಲೆ ಕೊನೆಯ ಸುತ್ತಿಗೆ ಗಂಟೆ ಹೊಡೆಯುತ್ತಾರೆ. ಇಷ್ಟು ಹೊತ್ತು ತಾಳಿದ ಕಾಲು ಆ ಗಂಟೆಗೆ ಸಿಡಿಯಬೇಕು. 2001ರಲ್ಲಿ ಬ್ರಸೆಲ್ಸ್‌ನಲ್ಲಿ ಲಗಾಟ್ ಈ ದೂರವನ್ನು 3 ನಿಮಿಷ 26.34 ಸೆಕೆಂಡಿನಲ್ಲಿ ಓಡಿದ. 400 ಮೀಟರಿನ ಸುತ್ತಿಗೆ 55 ಸೆಕೆಂಡು ಬೀಳುತ್ತೆ. ನಮ್ಮ ಶಾಲೆಯ ಹುಡುಗರಲ್ಲಿ ಅಂಥ ಒಂದು ಸುತ್ತು ಓಡುವವನು ಸಿಕ್ಕರೆ ನಾವು ಪೇಪರಿಗೆ ಫೋಟೋ ಕೊಡುತ್ತೇವೆ. ಆ ಹೊತ್ತಿಗೆ ಅವನಿಗಿಂತ ವೇಗವಾಗಿ 1500 ಓಡಿದವನು ಜಗತ್ತಲ್ಲೇ ಒಬ್ಬ. ಆವತ್ತೂ ಅವನೇ ಒಂದು ಹೆಜ್ಜೆ ಮುಂದೆ ಓಡುತ್ತಿದ್ದ. ಇದೇ ಗೆರೂಜ್.

ವಯಸ್ಸಾದಂತೆ ತಾಳುವ ಶಕ್ತಿ ನಿಧಾನಕ್ಕೆ ಕರಗುತ್ತೆ, ಸಿಡಿಯುವ ಶಕ್ತಿ ಬೇಗ. ಅದಕ್ಕೇ ನಲವತ್ತು ದಾಟಿದವರು ಮ್ಯಾರಥಾನ್ ಓಡುವುದನ್ನು ಎಲ್ಲ ಕಡೆ ನೋಡುತ್ತೀರಿ, 1500 ಓಡುವವರು ಕಮ್ಮಿ.

ಅಥೆನ್ಸ್‌ಗೂ ಮುಂಚಿನ ಒಂದು ಸಂಗತಿ ಬಿಟ್ಟು ಬರೆದರೆ ಮೋಸವಾಗುತ್ತೆ. 2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಮುಂಚೆ ಅವನ ಮೊದಲ ಸ್ಯಾಂಪಲ್‌ನಲ್ಲಿ ಇಪಿಒ ಎಂಬ ಉದ್ದೀಪನ ಮದ್ದು ಸಿಕ್ಕಿದೆ ಅಂದರು. ಅವನು ಆ ಕೂಟ ಬಿಡಬೇಕಾಯಿತು. ಎರಡನೇ ಸ್ಯಾಂಪಲ್ ಅದನ್ನು ಎತ್ತಿಹಿಡಿಯಲಿಲ್ಲ, ಆರೋಪ ಬಿದ್ದುಹೋಯಿತು. ಈ ಆಟದಲ್ಲಿ ಯಾರ ಬಗ್ಗೆಯೂ ಕಣ್ಣುಮುಚ್ಚಿ ಆಣೆ ಮಾಡುವ ಕಾಲ ಇದಲ್ಲ. ಅವನು ನಿರ್ದೋಷಿ ಅಂತ ಬಿಟ್ಟರು. ನಾನೂ ಅಷ್ಟಕ್ಕೇ ನಿಲ್ಲುತ್ತೇನೆ.

ಮುಂದಿನ ಕಥೆ ನನಗೆ ತಿಳಿದದ್ದು ಎಷ್ಟೋ ವರ್ಷ ತಡವಾಗಿ. ಅಮೆರಿಕದ ಪರ ಓಡತೊಡಗಿದ. 2007ರಲ್ಲಿ, 32ನೇ ವಯಸ್ಸಿನಲ್ಲಿ, ಒಸಾಕಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1500, 5000 ಎರಡೂ ಗೆದ್ದ. ಒಂದೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆ ಎರಡನ್ನೂ ಅವನಿಗಿಂತ ಮುಂಚೆ ಯಾರೂ ಗೆದ್ದಿರಲಿಲ್ಲ. ಮರುವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 1500ರ ಸೆಮಿಫೈನಲ್‌ನಲ್ಲೇ ಹೊರಬಿದ್ದ. ಹಿಮ್ಮಡಿ ನೋವಿತ್ತು. ಎಲ್ಲರೂ ಮುಗಿಯಿತು ಅಂದರು. ಅದರ ಮರುವರ್ಷ ಬರ್ಲಿನ್‌ನಲ್ಲಿ ಒಂದು ಬೆಳ್ಳಿ, ಒಂದು ಕಂಚು. 2011ರಲ್ಲಿ ಮತ್ತೆ ಬೆಳ್ಳಿ. 2012ರಲ್ಲಿ, 37ಕ್ಕೆ, ಒಳಾಂಗಣದ 3000 ಮೀಟರಿನಲ್ಲಿ ವಿಶ್ವ ಚಾಂಪಿಯನ್. ಪಟ್ಟಿ ಇನ್ನೂ ಇದೆ, ಸಾಕು. ಪದಕದ ಪಟ್ಟಿ ಓದುವುದು ಮದುವೆಯಲ್ಲಿ ಮುಯ್ಯಿ ಲೆಕ್ಕ ಓದಿದ ಹಾಗೆ.

ನನ್ನ ಆ ವರ್ಷಗಳ ಲೆಕ್ಕ ಬೇರೆ. ಬಿ.ಎಡ್., ಕೆಲಸ, ಮಗನ ಬಾಣಂತನ, ಅತ್ತೆಯ ಕಣ್ಣಿನ ಆಪರೇಷನ್, ಮನೆ ಸಾಲ.

2016ರ ಆಗಸ್ಟ್‌ನ ಒಂದು ಭಾನುವಾರ ಬೆಳಗ್ಗೆ ಆರು ಗಂಟೆ. ನಳ ಬಿಡುವ ದಿನ. ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ನೀರು ಬರುವ ದಿನ ಅಂದರೆ ಹಬ್ಬದ ಹಾಗೆ, ಊರಿಗೆ ಹೋದವರೂ ವಾಪಸ್ ಬರುತ್ತಾರೆ. ಸಂಪಿಗೆ ಪೈಪ್ ಬಿಟ್ಟು, ಡ್ರಮ್ಮು ತುಂಬಿಸುತ್ತಾ, ನಡುವೆ ಚಹಾಕ್ಕೆ ಒಳಗೆ ಬಂದೆ. ಟಿವಿಯಲ್ಲಿ ರಿಯೊ ಒಲಿಂಪಿಕ್ಸ್. ಅಲ್ಲಿ ಇನ್ನೂ ಶನಿವಾರ ರಾತ್ರಿ. 5000 ಮೀಟರ್ ಫೈನಲ್. ಬ್ರಿಟನ್ನಿನ ಮೋ ಫರಾ ಗೆಲ್ಲುತ್ತಾನೆ ಅಂತ ಎಲ್ಲರಿಗೂ ಗೊತ್ತು, ಗೆದ್ದ. ಆದರೆ ಹಿಂದಿನಿಂದ ಒಬ್ಬ ಬರುತ್ತಿದ್ದ. ಬೋಳು ತಲೆ, ಎತ್ತಿ ಇಡುವ ಹೆಜ್ಜೆ. ಆ ಹೆಜ್ಜೆ ನನಗೆ ಗೊತ್ತಿತ್ತು. ಕೈಯಲ್ಲಿ ಚಹಾ ಲೋಟ ಹಿಡಿದು ಹಾಗೇ ನಿಂತೆ.

ಅವನೇ. ಹನ್ನೆರಡು ವರ್ಷ ಆಗಿತ್ತು. ಅವನಿಗೆ 41.

ಐದನೆಯವನಾಗಿ ಬಂದ, 13:06.78. ಅವನ ಮುಂದಿದ್ದ ಕೆಲವರನ್ನು ಗೆರೆ ತುಳಿದರು ಅಂತ ಹೊರಹಾಕಿದ್ದರಿಂದ ಸ್ವಲ್ಪ ಹೊತ್ತು ಕಂಚು ಇವನಿಗೇ ಅನ್ನುವಂತಾಯಿತು. ಆಮೇಲೆ ಮೇಲ್ಮನವಿ ಹೋಗಿ, ಹೊರಹಾಕಿದವರಲ್ಲಿ ಇಬ್ಬರು ಮರಳಿ ಒಳಗೆ ಬಂದರು, ಇವನು ಐದಕ್ಕೆ ನಿಂತ. ಅಲ್ಲಿಗೆ ಹೋಗಲು ಅಮೆರಿಕದ ಆಯ್ಕೆ ಕೂಟದಲ್ಲಿ ಅವನು ಮಾಡಿದ್ದನ್ನು ಆಮೇಲೆ ಫೋನಿನಲ್ಲಿ ಹುಡುಕಿ ನೋಡಿದೆ. ಮೊದಲು 10,000 ಮೀಟರ್ ಓಡಲು ಹೋಗಿ, ಬಿಸಿಲಿಗೆ ಸೋತು ಅರ್ಧಕ್ಕೇ ಬಿಟ್ಟಿದ್ದ. ಕೆಲವೇ ದಿನದಲ್ಲಿ 5000ಕ್ಕೆ ಬಂದು, ಹಿಂದಿನಿಂದ ಒಬ್ಬೊಬ್ಬರನ್ನೇ ದಾಟಿ, ಕೊನೆಯ 400 ಮೀಟರನ್ನು 53 ಸೆಕೆಂಡಿನ ಒಳಗೆ ಓಡಿ ಗೆದ್ದ. ಅವನಿಗಿಂತ ಎಷ್ಟೋ ಚಿಕ್ಕ ವಯಸ್ಸಿನ ಹುಡುಗರು ಆ ಓಟದಲ್ಲಿದ್ದರು. ಬಿಸಿಲಿಗೆ ಸೋತ ಅನ್ನುವುದು ಬಳ್ಳಾರಿಯವಳಾದ ನನಗೆ ಜಾಸ್ತಿ ಇಷ್ಟವಾಯಿತು. ದೇವರಲ್ಲ, ಮನುಷ್ಯನೇ.

ಹೊರಗಿನಿಂದ ಅತ್ತೆ ಕೂಗಿದರು. ಸಂಪು ತುಂಬಿ ನೀರು ಓಣಿಗೆ ಹರಿಯುತ್ತಿತ್ತು. ಬಳ್ಳಾರಿಯಲ್ಲಿ ಅದಕ್ಕಿಂತ ದೊಡ್ಡ ಪಾಪ ಇಲ್ಲ.

ಆವತ್ತೇ ಓಡಲು ಶುರುಮಾಡಿದೆ ಅಂತ ಬರೆದರೆ ಚೆನ್ನಾಗಿರುತ್ತೆ, ಆದರೆ ಸುಳ್ಳು. ಆವತ್ತು ಮಾಡಿದ್ದು ಅಟ್ಟ ಹತ್ತಿ ನನ್ನ ಹಳೇ ಸ್ಪೈಕ್ಸ್, ಅಂದರೆ ಓಟದ ಮೊಳೆ ಬೂಟು, ಹುಡುಕಿದ್ದು. ಸಿಕ್ಕವು, ಹಿತ್ತಾಳೆ ಪಾತ್ರೆಗಳ ಹಿಂದೆ ಗೋಣಿ ಚೀಲದಲ್ಲಿ. ಒಂದರ ಮೇಲ್ಭಾಗವನ್ನು ಇಲಿ ತಿಂದಿತ್ತು. ಇನ್ನೊಂದು ಗಟ್ಟಿಯಾಗಿ, ಒಣಗಿದ ರೊಟ್ಟಿಯ ಹಾಗೆ, ಮಡಚಿದರೆ ಅಟ್ಟೆ ಕಿತ್ತು ಬಂತು. ಮೊಳೆಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಕಾಲು ತೂರಿಸಿ ನೋಡಿದೆ, ಹೋಗಲಿಲ್ಲ. ಎರಡು ಬಸಿರಿಗೆ ಪಾದವೂ ಅಗಲವಾಗುತ್ತೆ ಅಂತ ಯಾರೂ ಹೇಳಿರಲಿಲ್ಲ.

ಓಡಲು ಶುರುವಾದದ್ದು ಮರುವರ್ಷ ಜನವರಿಯಲ್ಲಿ. ಬಳ್ಳಾರಿಯಲ್ಲಿ ಮನುಷ್ಯರು ಹೊರಗೆ ಓಡಬಹುದಾದ ಕಾಲ ಅದೊಂದೇ. ನಮ್ಮಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನೋ ಹಳೇ ಜೋಕು ನಿಮಗೂ ಗೊತ್ತಿರುತ್ತೆ. ಮನೆ ಹತ್ತಿರದ ಕಾಲೇಜು ಮೈದಾನ. ಮಣ್ಣಿನ ಟ್ರ್ಯಾಕು, ಸುಣ್ಣದ ಗೆರೆ ಕ್ರೀಡಾಕೂಟ ಇದ್ದಾಗ ಮಾತ್ರ. ಒಂದು ತಿರುವಿನಲ್ಲಿ ಕೋಟೆ ಗುಡ್ಡ ಕಾಣುತ್ತೆ, ಬೆಳಕು ಹರಿಯುವ ಹೊತ್ತಿಗೆ ಬಂಡೆ ಕೆಂಪಗಾಗುತ್ತೆ. ಮೊದಲ ದಿನ ಒಂದು ಸುತ್ತಿಗೆ ನಿಂತುಬಿಟ್ಟೆ. ವಾಂತಿ ಬರುವ ಹಾಗಾಯಿತು.

ಬಟ್ಟೆಯದು ಇನ್ನೊಂದು ಕಥೆ. ಜೀನ್ಸ್ ಹೊಲಿದು ದೇಶಕ್ಕೆಲ್ಲ ಕಳಿಸುವ ಊರು ನಮ್ಮದು. ಹೆಂಗಸರಿಗೆ ಓಡಲು ಒಂದು ಪ್ಯಾಂಟು ಸಿಗಲಿಲ್ಲ. ಸಿಕ್ಕದ್ದೆಲ್ಲ ಹದಿನೆಂಟರ ಹುಡುಗಿಯರ ಅಳತೆ. ಕೊನೆಗೆ ಕೌಲ್ ಬಜಾರಿನ ಒಬ್ಬ ಟೈಲರು, ದಿನಕ್ಕೆ ನೂರಾರು ಜೀನ್ಸಿಗೆ ಜೇಬು ಹೊಲಿಯುವವರು, ಉಳಿದ ಜಗ್ಗುವ ಬಟ್ಟೆಯಲ್ಲಿ ಒಂದು ಹೊಲಿದು ಕೊಟ್ಟರು. "ಮೇಡಂ, ಜೇಬು ಎಷ್ಟು ಇಡಲಿ?" ಅಂದರು. ಬೇಡ ಅಂದರೂ ಎರಡು ಇಟ್ಟರು. ಅದೇ ಪ್ಯಾಂಟಿನಲ್ಲಿ ಮೂರು ವರ್ಷ ಓಡಿದೆ.

ಓಣಿಯ ಹೆಂಗಸರಲ್ಲಿ ಒಬ್ಬರು ಮೆಲ್ಲಗೆ ಕರೆದು, ಈ ವಯಸ್ಸಿಗೆ ಓಡಿದರೆ ಗರ್ಭಕೋಶ ಜಾರುತ್ತೆ ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. 1928ರ ಆಮ್‌ಸ್ಟರ್ಡಂ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಡಿದ ಹೆಂಗಸರು ಕೊನೆಯಲ್ಲಿ ಸುಸ್ತಾಗಿ ಬಿದ್ದರು ಅಂತ ಗುಲ್ಲೆಬ್ಬಿಸಿ, 1960ರವರೆಗೆ ಆ ಓಟವನ್ನೇ ಹೆಂಗಸರಿಗೆ ಇಲ್ಲವಾಗಿಸಿದ್ದರು. ಕೋಟು ಹಾಕಿದ ದೊಡ್ಡ ಮನುಷ್ಯರೇ ಹಾಗಂದಾಗ ನಮ್ಮ ಎದುರು ಮನೆಯವರದೇನು ತಪ್ಪು?

ಗಾರ್ಡ್ ಸಾಹೇಬರು ಸಿಕ್ಕಿದ್ದೂ ಆ ಜನವರಿಯಲ್ಲೇ. ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು. ಮಾರ್ಚ್‌ವರೆಗೂ ಮಂಕಿ ಕ್ಯಾಪ್ ತೆಗೆಯುವುದಿಲ್ಲ. ಮೈದಾನದ ಸುತ್ತ ಹತ್ತು ಸುತ್ತು ನಡೆದು, ಕಟ್ಟೆ ಮೇಲೆ ಕೂತು, ಬಂದವರಿಗೆಲ್ಲ ಯಾವ ಲೇಔಟಿನಲ್ಲಿ ಸೈಟಿಗೆ ಎಷ್ಟು, ಯಾವ ರೋಡಿನ ಕಡೆ ಎಕರೆಗೆ ಎಷ್ಟು ಅಂತ ಹೇಳುವುದು ಅವರ ಕೆಲಸ. ನಾನು ಓಡುವುದನ್ನು ಒಂದು ವಾರ ಸುಮ್ಮನೆ ನೋಡಿದರು. ಎಂಟನೇ ದಿನ ಕೈಗಡಿಯಾರ ಬಿಚ್ಚಿ ಹಿಡಿದುಕೊಂಡರು. "ಟೀಚರಮ್ಮಾ, ನಿನ್ನೆಗಿಂತ ನಾಲ್ಕು ಸೆಕೆಂಡು ಲೇಟು" ಅಂದರು. ಗೂಡ್ಸ್ ಗಾಡಿಗೆ ಹೇಳುವ ದನಿಯಲ್ಲಿ. ಅವತ್ತಿನಿಂದ ಅವರೇ ನನ್ನ ಕೋಚು, ಟೈಮ್‌ಕೀಪರು ಎಲ್ಲ.

ಅವರ ಕೆಂಗಣ್ಣಿನ ಕೆಳಗೆ ನಾನು ದಿನಾ ಓಡಿದೆ. ದಿನಾ ಅಂದರೆ ದಿನಾ. ಹಬ್ಬ ಇಲ್ಲ, ಅಮಾವಾಸ್ಯೆ ಇಲ್ಲ. ಹದಿನೈದು ವರ್ಷ ಓಡದೆ ಕಳೆದದ್ದನ್ನು ಬಡ್ಡಿ ಸಮೇತ ವಸೂಲಿ ಮಾಡುವ ಹಠ. ನಳ ಬಿಡುವ ದಿನ ಮಾತ್ರ ತಪ್ಪುತ್ತಿತ್ತು. ಅದಕ್ಕೂ ಸಂಜೆ ಹೋಗಿ ಓಡಿ ಸರಿಮಾಡುತ್ತಿದ್ದೆ. 800ಕ್ಕೆ 3 ನಿಮಿಷ 20 ಇದ್ದದ್ದು 3:05 ಆಯಿತು, 2:58 ಆಯಿತು. ಮಕ್ಕಳಿಗೆ ಗ್ರಾಫ್ ಪಾಠ ಮಾಡುವಾಗ ಆ ಅಂಕಿಗಳನ್ನೇ ಬೋರ್ಡಿನ ಮೇಲೆ ಹಾಕಿದ್ದೆ. ಗೆರೆ ಕೆಳಗೆ ಇಳಿಯುತ್ತಾ ಹೋಗುತ್ತಿತ್ತು. ಹೀಗೇ ಇಳಿದರೆ ಯಾವ ವರ್ಷ ಸೊನ್ನೆಗೆ ಬರುತ್ತೆ ಅಂತ ಹಿಂದಿನ ಬೆಂಚಿನ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ನನಗೆ ಆಗ ಅದು ತಲೆಗೆ ಹೋಗಲಿಲ್ಲ.

41ನೇ ವಯಸ್ಸಿನಲ್ಲಿ ಲಗಾಟ್ ಒಲಿಂಪಿಕ್ಸ್‌ಗೆ ಹೋದ. 41ನೇ ವಯಸ್ಸಿನಲ್ಲಿ ನಾನು ಬೆಳಗ್ಗೆ ಎದ್ದು ಮಂಚದಿಂದ ಬಚ್ಚಲಿಗೆ ಹೋಗಲಾರದೆ ಗೋಡೆ ಹಿಡಿದು ನಿಂತೆ. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಅಕಿಲೀಸ್ ಅಂತಾರಲ್ಲ, ಅದು ಊದಿತ್ತು. ಮುಟ್ಟಿದರೆ ಹಗ್ಗದಲ್ಲಿ ಗಂಟು ಬಿದ್ದ ಹಾಗೆ. ತಿಂಗಳಿಂದ ನೋವಿತ್ತು, ಸುಳ್ಳು ಹೇಳಿಕೊಂಡು ಓಡಿದ್ದೆ. ತೋರಿಸಿದ ಮೊದಲ ಡಾಕ್ಟರು ಎಕ್ಸ್‌ರೇ ನೋಡದೆಯೇ, "ಈ ವಯಸ್ಸಲ್ಲಿ ಓಡೋದ್ಯಾಕೆ ಬೇಕಮ್ಮಾ, ವಾಕಿಂಗ್ ಮಾಡಿ" ಅಂದರು. ಎರಡನೆಯವರು, ಒಬ್ಬ ಚಿಕ್ಕ ಪ್ರಾಯದ ಫಿಸಿಯೋ ಹುಡುಗಿ, ಮೆಟ್ಟಿಲ ಅಂಚಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸುವ ವ್ಯಾಯಾಮ ಹೇಳಿಕೊಟ್ಟಳು. 15ರಂತೆ ಮೂರು ಸಲ, ದಿನಕ್ಕೆ ಎರಡು ಹೊತ್ತು, 12 ವಾರ. ಆ ರಜ್ಜುವಿಗೆ ರಕ್ತ ಓಡಾಟ ಕಡಿಮೆ, ಅದಕ್ಕೇ ವಾಸಿಯಾಗಲು ನಿಧಾನ ಅಂದಳು. "ಮೇಡಂ, ವಾರದಲ್ಲಿ ಎಷ್ಟು ದಿನ ರೆಸ್ಟ್ ಕೊಡ್ತಿದ್ರಿ?" ಅಂತ ಕೇಳಿದಳು. ನಾನು ಹೆಮ್ಮೆಯಿಂದ "ಇಲ್ಲವೇ ಇಲ್ಲ" ಅಂದೆ. ಅವಳು ಬರೆಯುವುದು ನಿಲ್ಲಿಸಿ ನನ್ನ ಮುಖ ನೋಡಿದಳು. ಹೋಂವರ್ಕ್ ಮಾಡದೆ ಬಂದ ಮಗುವನ್ನು ನಾನು ನೋಡುವ ಹಾಗೆ.

ಆ 12 ವಾರದಲ್ಲಿ ಮೆಟ್ಟಿಲ ಮೇಲೆ ನಿಂತು ಬೇರೇನು ಮಾಡಲಿ, ಲಗಾಟ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಎಷ್ಟು ಓಡುತ್ತಾನೆ, ಏನು ತಿನ್ನುತ್ತಾನೆ ಅಂತ ಹುಡುಕುತ್ತಾ ಹೋದವಳಿಗೆ ಸಿಕ್ಕಿದ್ದು ಅವನು ಯಾವಾಗ ಓಡುವುದಿಲ್ಲ ಅನ್ನೋದು. ಜೇಮ್ಸ್ ಲಿ ಎಂಬ ಚೀನಾ ಮೂಲದ ಕೋಚು ಕಾಲೇಜಿನ ದಿನದಿಂದ ಕೊನೆಯವರೆಗೂ ಅವನೊಂದಿಗಿದ್ದರು. ವರ್ಷದ ಸೀಸನ್ ಮುಗಿದ ಮೇಲೆ ಲಗಾಟ್ ಐದು ವಾರ ಓಡುತ್ತಿರಲಿಲ್ಲ. ನಿಧಾನಕ್ಕೆ ಓಡುವುದು, ಸೈಕಲ್ ತುಳಿಯುವುದು, ಅದೂ ಇಲ್ಲ. ತಿನ್ನುತ್ತಿದ್ದ, ತೂಕ ಏರುತ್ತಿತ್ತು, ಮನೆಯಲ್ಲಿರುತ್ತಿದ್ದ. ಓಡುವ ದಿನಗಳಲ್ಲೂ ವಾರಕ್ಕೊಂದು ರಜೆ. ಅವನ ಜೊತೆ ಓಡುವವರು ಹೋಲಿಸಿದರೆ ಜಾಸ್ತಿ ದೂರ ಓಡುತ್ತಿದ್ದರು. ಅವರು ಒಬ್ಬೊಬ್ಬರಾಗಿ ನಿಂತರು.

ನಾನು ಫೋನ್ ಕೆಳಗಿಟ್ಟೆ. ಇದನ್ನು ಎಲ್ಲೋ ಕೇಳಿದ್ದೀನಿ ಅನ್ನಿಸಿತು. ಅಮೆರಿಕದಿಂದ ಅಲ್ಲ. ರೂಪನಗುಡಿ ಕಡೆಯ ನಮ್ಮ ಹೊಲದಿಂದ.

ನಮ್ಮಪ್ಪನದು ಎರೆ ಹೊಲ. ಕಪ್ಪು ಮಣ್ಣು, ಬಾವಿ ಇಲ್ಲ, ಕಾಲುವೆ ಇಲ್ಲ. ಮುಂಗಾರು ಬಂದಾಗ ಕೆಂಪು ಮಸಾರಿ ನೆಲದವರು ಬಿತ್ತನೆಗೆ ಓಡಾಡುತ್ತಿದ್ದರೆ ಅಪ್ಪ ಬಿತ್ತುತ್ತಿರಲಿಲ್ಲ. ಮಳೆ ಬಿದ್ದ ಎರೆಯಲ್ಲಿ ಕಾಲಿಡುವುದೂ ಕಷ್ಟ. ಚಿಕ್ಕವಳಿದ್ದಾಗ ಬರಿಗಾಲಲ್ಲಿ ಹೊಲಕ್ಕಿಳಿದರೆ ಹತ್ತು ಹೆಜ್ಜೆಗೆ ಪಾದದ ಸುತ್ತ ಎರಡು ಕಿಲೋ ಮಣ್ಣು ಮೆತ್ತಿಕೊಂಡು, ಬೂಟು ಹಾಕಿದ ಹಾಗಾಗುತ್ತಿತ್ತು. ಜೂನ್, ಜುಲೈ, ಆಗಸ್ಟ್ ಹೊಲ ಖಾಲಿ. ನಡುನಡುವೆ ಅಪ್ಪ ಕುಂಟೆ ಹೊಡೆದು ಕಳೆ ತೆಗೆಯುತ್ತಿದ್ದ, ಅಷ್ಟೇ. ಉತ್ತರಿ ಮಳೆ ಹೊತ್ತಿಗೆ ಬಿಳಿಜೋಳ, ಸಾಲಿನ ನಡುವೆ ಕುಸುಬೆ. ಆಮೇಲೆ ಒಂದು ಹನಿ ಮಳೆ ಬರದಿದ್ದರೂ ಜೋಳ ಆಳೆತ್ತರ ಬರುತ್ತಿತ್ತು, ಬರೀ ನೆಲದೊಳಗಿನ ತೇವದ ಮೇಲೆ.

ಆರನೇ ಕ್ಲಾಸಿನಲ್ಲಿದ್ದಾಗ ಕೇಳಿದ್ದೆ. "ಅಪ್ಪಾ, ಎಲ್ಲಾರೂ ಬಿತ್ತಕತ್ತಾರೆ, ನಮ್ಮ ಹೊಲ ಒಂದೇ ಯಾಕೆ ಖಾಲಿ ಕುಂತೈತೆ?"

"ಎಲ್ಲಿ ಖಾಲಿ ಕುಂತೈತವ್ವಾ? ನೀರು ಕುಡಿಯಕತ್ತೈತೆ. ಕುಡಿಯೋರನ್ನ ಮಾತಾಡಿಸಬಾರದು."

ಅಪ್ಪ ತೀರಿಕೊಂಡು ಆರು ವರ್ಷ. ಈಗ ಅಣ್ಣ ಬೋರ್ ಹಾಕಿಸಿದ್ದಾನೆ. ಹತ್ತಿ, ಮೆಣಸಿನಕಾಯಿ ಅಂತ ಹೊಲಕ್ಕೆ ಬಿಡುವೇ ಇಲ್ಲ. ಗೊಬ್ಬರದಂಗಡಿ ಬಾಕಿ ಬೆಳೆಯುತ್ತಿದೆ. ಅವನಿಗೆ ನಾನು ಬುದ್ಧಿ ಹೇಳುವ ಹಾಗಿಲ್ಲ. ನಾನೇ ನಾಲ್ಕು ವರ್ಷ ನನ್ನ ಕಾಲಿಗೆ ಅದನ್ನೇ ಮಾಡಿದವಳು.

ನನ್ನ ಅನುಭವದಲ್ಲಿ ಹೇಳೋದಾದರೆ, ನಲವತ್ತಾದ ಮೇಲೆ ಮೊದಲು ಹೋಗುವುದು ವೇಗ ಅಲ್ಲ, ರಿಪೇರಿ. ಇಪ್ಪತ್ತರಲ್ಲಿ ಸಂಜೆ ಜೋರಾಗಿ ಓಡಿದರೆ ಬೆಳಗ್ಗೆ ಹೊಸ ಕಾಲು ಸಿಗುತ್ತಿತ್ತು. ಈಗ ಮಂಗಳವಾರ ಓಡಿದ್ದು ಶುಕ್ರವಾರ ಇಳಿಯುತ್ತೆ. ಅದನ್ನು ಒಪ್ಪಿಕೊಂಡು ಲೆಕ್ಕ ಹಾಕಿದರೆ ಉಳಿದ ವೇಗ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇರುತ್ತೆ. ಐರ್ಲೆಂಡಿನ ಈಮನ್ ಕಾಗ್ಲನ್ 1994ರಲ್ಲಿ, 41ಕ್ಕೆ, ಒಳಾಂಗಣದಲ್ಲಿ ಒಂದು ಮೈಲಿಯನ್ನು 3:58.15ಕ್ಕೆ ಓಡಿದ. ನಲವತ್ತು ದಾಟಿದವರಲ್ಲಿ ನಾಲ್ಕು ನಿಮಿಷದೊಳಗೆ ಬಂದ ಮೊದಲಿಗ. 2015ರಲ್ಲಿ ನಮ್ಮ ಲಗಾಟ್ 40ಕ್ಕೆ ಅದನ್ನು 3:54.91ಕ್ಕೆ ತಂದ. ಇವರಿಬ್ಬರಿಗಿಂತ ನನಗೆ ಜಾಸ್ತಿ ಬೆರಗು ಹುಟ್ಟಿಸುವವಳು ರಷ್ಯಾದ ಯೆಕಟೆರಿನಾ ಪೊಡ್ಕೊಪಾಯೆವಾ. 1997ರಲ್ಲಿ ಪ್ಯಾರಿಸ್‌ನ ಒಳಾಂಗಣ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1500 ಗೆದ್ದಾಗ ಅವಳಿಗೆ 44. ಹಿರಿಯರ ವಿಭಾಗ ಅಲ್ಲ, ಇಡೀ ಜಗತ್ತಿನ ಹುಡುಗಿಯರ ಎದುರು. ನಾನು ಪಿಯುಸಿಯಲ್ಲಿ ಸ್ಪೈಕ್ಸ್ ಕೊಡಿಸು ಅಂತ ಅಪ್ಪನ ಹತ್ತಿರ ಅಳುತ್ತಿದ್ದ ವರ್ಷ ಅದು.

ಲಗಾಟ್ ಟ್ರ್ಯಾಕು ಬಿಟ್ಟ ಮೇಲೂ ನಿಲ್ಲಲಿಲ್ಲ. ಮ್ಯಾರಥಾನ್‌ಗೆ ಹೋದ. 2019ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ 44ನೇ ವಯಸ್ಸಿಗೆ 2 ಗಂಟೆ 12 ನಿಮಿಷ 10 ಸೆಕೆಂಡು. ಅದು ನನಗೆ ಬೇಡ. ನನಗೆ ಎರಡು ಸುತ್ತು ಸಾಕು.

ನನ್ನ ಎರಡು ಸುತ್ತಿನ ವಿಷಯ: ಕಾಲು ವಾಸಿಯಾದ ಮೇಲೆ ವಾರಕ್ಕೆ ನಾಲ್ಕೇ ದಿನ ಓಡಲು ಶುರುಮಾಡಿದೆ. ಅದರಲ್ಲಿ ಜೋರಾಗಿ ಓಡುವುದು ಒಂದೇ ದಿನ. ಜೂನ್‌ನಲ್ಲಿ ಶಾಲೆ ಶುರುವಾಗಿ ಅಡ್ಮಿಷನ್ ಗದ್ದಲ ಇರುವಾಗ ಐದು ವಾರ ಪೂರ್ತಿ ರಜೆ. ಗಾರ್ಡ್ ಸಾಹೇಬರು ಇದನ್ನು ಒಪ್ಪಲೇ ಇಲ್ಲ. ಗಾಡಿ ಶೆಡ್ಡಿನಲ್ಲಿ ನಿಂತರೆ ತುಕ್ಕು ಹಿಡಿಯುತ್ತೆ ಅನ್ನೋದು ಅವರ ವಾದ. ಮೊದಲ ವರ್ಷ ಸೊಂಟ ನೋವು ಅಂತ, ಮರುವರ್ಷ ಮಗಳ ಕಾಲೇಜು ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡೆ.

ಹಿರಿಯರ ಅಥ್ಲೆಟಿಕ್ಸ್ 35ಕ್ಕೆ ಶುರು. ಐದೈದು ವರ್ಷಕ್ಕೊಂದು ಗುಂಪು. ಹುಟ್ಟುಹಬ್ಬ ಬಂದರೆ ಖುಷಿಪಡುವ ಹೆಂಗಸರು ಅಲ್ಲಿ ಮಾತ್ರ ಸಿಗುತ್ತಾರೆ, ಹೊಸ ಗುಂಪಿಗೆ ಹೋದರೆ ಅಲ್ಲಿ ಚಿಕ್ಕವರು ನಾವೇ ಅಲ್ವಾ? ಹೋದ ಚಳಿಗಾಲ ರಾಜ್ಯಮಟ್ಟದ ಕೂಟಕ್ಕೆ ಹೋಗಿದ್ದೆ. 800 ಮೀಟರ್, 40 ದಾಟಿದವರ ಗುಂಪು. ಗೆರೆಯ ಮೇಲೆ ನಿಂತವರು ಮೂರೇ ಮಂದಿ. ಒಬ್ಬರು ಪೊಲೀಸ್ ಇಲಾಖೆಯವರು, ಕಾಲು ನೋಡಿದರೇ ಗೊತ್ತಾಗುತ್ತಿತ್ತು ಚಿನ್ನ ಅವರದೇ ಅಂತ. ಇನ್ನೊಬ್ಬರು ಸೀರೆ ಅಂಗಡಿ ನಡೆಸುವವರು. "ಅಕ್ಕಾ, ನಿಧಾನಕ್ಕೆ ಹೋಗೋಣ" ಅಂತ ಗುಂಡು ಹಾರುವ ಮುಂಚೆ ನನಗೆ ಹೇಳಿ, ಗುಂಡು ಹಾರಿದ ತಕ್ಷಣ ಬಾಣದ ಹಾಗೆ ಹೋದರು. ಮೊದಲ ಸುತ್ತು ಇಪ್ಪತ್ತು ಮೀಟರ್ ಹಿಂದಿದ್ದೆ. ಗಂಟೆ ಹೊಡೆದಾಗ ಹದಿನೈದು. ಹಿಂದಿನ ನೇರದಲ್ಲಿ ಅವರ ಹೆಗಲು ಅಲುಗಾಡಲು ಶುರುವಾಯಿತು. ತಲೆ ಹಿಂದಕ್ಕೆ ಹೋಯಿತು. ನನ್ನ ತೊಡೆಗೂ ಮರಳು ಬಿದ್ದಿತ್ತು, ಆದರೆ ಅದರ ಕೆಳಗೆ ಇನ್ನೂ ಏನೋ ಇತ್ತು. ಕೊನೆಯ ಅರವತ್ತು ಮೀಟರಿನಲ್ಲಿ ದಾಟಿದೆ. 2 ನಿಮಿಷ 52 ಸೆಕೆಂಡು.

ಮೂವರಲ್ಲಿ ಎರಡನೆಯವಳು. ಶಾಲೆಯಲ್ಲಿ ಬೆಳ್ಳಿ ಪದಕ ಅಂತ ಪ್ರಾರ್ಥನೆ ಹೊತ್ತಲ್ಲಿ ಹೇಳಿದರು. ಎಷ್ಟು ಜನ ಓಡಿದ್ದರು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಿಂದಿನ ಬೆಂಚಿನ ಆ ಹುಡುಗ ಈಗ ಪಾಸಾಗಿ ಹೋಗಿದ್ದಾನೆ, ಇದ್ದಿದ್ದರೆ ಕೇಳುತ್ತಿದ್ದ.

ಇಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ತೋರಣಗಲ್ಲು ಹತ್ತಿರ 2018ರಲ್ಲಿ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆ ಬಂತು. ನೀರಜ್ ಚೋಪ್ರಾ ಕೂಡ ಅಲ್ಲಿ ಇದ್ದು ಹೋದರು. ಅಂಥ ಕಡೆಯ ಮಕ್ಕಳಿಗೆ ಎಷ್ಟು ಓಡಬೇಕು, ಎಷ್ಟು ಮಲಗಬೇಕು ಅಂತ ಹೇಳಲು ಜನ ಇದ್ದಾರೆ. ನಮ್ಮ ಕಾಲೇಜು ಮೈದಾನದ ಹುಡುಗಿಯರಿಗೆ ಇಲ್ಲ. ಪೊಲೀಸ್ ಸೆಲೆಕ್ಷನ್‌ಗೆ ಅಂತ ಎರಡು ತಿಂಗಳು ಮೈ ಮುರಿದು ಓಡಿ, ಕಾಲು ಕೆಡಿಸಿಕೊಂಡು ಮಾಯವಾಗುವ ಎಷ್ಟೋ ಮಂದಿಯನ್ನು ನೋಡಿದ್ದೇನೆ. ಅವರಿಗೆ ಒಂದು ದಿನ ರಜೆ ತಗೊಳ್ರಮ್ಮಾ ಅಂದರೆ, ನಾನು ಆ ಫಿಸಿಯೋ ಹುಡುಗಿಗೆ ಉತ್ತರ ಕೊಟ್ಟ ಅದೇ ಹೆಮ್ಮೆಯಲ್ಲಿ ನಗುತ್ತಾರೆ.

ಈ ಹದಿನೆಂಟು ದಿನದಲ್ಲಿ ಒಂದೂವರೆ ಕೆ.ಜಿ. ಏರಿದ್ದೇನೆ. ಸಂಜೆ ಶಾಲೆಯಿಂದ ಬರುವಾಗ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬರುವುದು ರೂಢಿಯಾಗಿದೆ. ಆದರೂ ಅಲಾರಂ ಇಲ್ಲದೆ ಪೌಣೆ ಐದಕ್ಕೆ ಎಚ್ಚರವಾಗುತ್ತೆ. ಎದ್ದು ಕೂರುತ್ತೇನೆ, ಮತ್ತೆ ಮಲಗುತ್ತೇನೆ. ಎರಡನೇ ವಾರ ತುಂಬಾ ಕಷ್ಟ. ಕಾಲು ತಾನೇ ತಾನಾಗಿ ಹೊದಿಕೆಯೊಳಗೆ ಆಡುತ್ತೆ.

ಇದನ್ನು ಬರೆಯುತ್ತಾ ಕೂತಿದ್ದಾಗ ಮೂರನೇ ಸಲ ಗಾರ್ಡ್ ಸಾಹೇಬರ ಫೋನ್ ಬಂತು. ಈ ಸಲ ಎತ್ತಿದೆ.

"ಏನ್ ಟೀಚರಮ್ಮಾ, ಊರಾಗ ಇಲ್ಲೇನು? ಮೈದಾನದ ಕಡೆ ಕಾಣವಲ್ರಿ."

ಈ ವರ್ಷ ಸುಳ್ಳು ಬೇಡ ಅನ್ನಿಸಿತು. "ಇಲ್ಲೇ ಅದೀನ್ರಿ ಸಾಹೇಬ್ರೇ. ನಮ್ಮಪ್ಪ ಬಿಡ್ತಿದ್ದ ಹಂಗೆ ನಾನೂ ಹೊಲ ಬಿಟ್ಟೀನ್ರಿ."

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ದನಿಗೆ ಒಮ್ಮೆಲೇ ಜೀವ ಬಂತು.

"ಹೌದೇನು? ಯಾರಿಗೆ ಕೊಟ್ರಿ? ಎಕರೆ ಎಷ್ಟಕ್ಕೆ ಹೋತು?"